ಸತ್ಯಾಂಶ: ಗೋವಿನಜೋಳ (ಮೆಕ್ಕೆಜೋಳ) ಸುರಿದರೆ ಆಡು ಕೊಬ್ಬುತ್ತದೆಯೇ?

“ಹೊಟ್ಟೆ ತುಂಬ ಗೋವಿನಜೋಳ ಕೊಡಿ, ತಿಂಗಳಲ್ಲಿ ಆಡಿನ ತೂಕ ದುಪ್ಪಟ್ಟು” ಎಂಬ ಸಂದೇಶ ಬಾಗಲಕೋಟೆ ಕಡೆಯ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಅಮೀನಗಡದ ಸಂತೆಯಲ್ಲಿ ಒಳ್ಳೆಯ ಬೆಲೆ ಸಿಗಲಿ ಎಂಬ ಆಸೆ ಸಹಜವೇ. ಸಲಹೆ ಮಾತ್ರ ತಪ್ಪು.

ಆಡಿನ ಹೊಟ್ಟೆಗೆ ನಾಲ್ಕು ಭಾಗ. ಮೊದಲನೆಯದರಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಆಹಾರವಾಗಿಸುತ್ತವೆ. ಒಮ್ಮೆಲೇ ಕಾಳು ಹೆಚ್ಚು ಬಿದ್ದರೆ ಅಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ, ಆ ಜೀವಿಗಳೇ ಸಾಯುತ್ತವೆ. ಆಡು ಮೇವು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ, ಭೇದಿಯಾಗಿ ನೆಲ ಹಿಡಿಯುತ್ತದೆ, ಸಾಯಲೂಬಹುದು. ಗಿಡ್ಡ ತಳಿಯ ಆಡಿನ ಮೈ ಚಿಕ್ಕದು, ಅದಕ್ಕೆ ಇನ್ನೂ ಕಡಿಮೆ ಕಾಳಿನಿಂದಲೇ ಈ ಅಪಾಯ. ಬೀಜ ಒಡೆಸಿದ ಹೋತಗಳಿಗೆ ಬೇರೆಯೇ ಕಾಟ: ಕಾಳಿನಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ಹಾಗಾಗಿ ಮೂತ್ರನಾಳದಲ್ಲಿ ಕಲ್ಲು ಕಟ್ಟಿಕೊಳ್ಳುತ್ತದೆ.

ಮೇವಿನ ಬಹುಪಾಲು ಜೋಳದ ಕಣಿಕೆ, ತೊಗರಿ ಹೊಟ್ಟು, ಶೇಂಗಾ ಬಳ್ಳಿ, ಜಾಲಿ ಸೊಪ್ಪು ಇರಲಿ. ಜೊತೆಗೆ ಖನಿಜ ಮಿಶ್ರಣ, ಶುದ್ಧ ನೀರು. ಕಾಳು ಕೊಡಲೇಬೇಕೆಂದರೆ ಹಿಡಿಯಷ್ಟರಿಂದ ಆರಂಭಿಸಿ, ಎರಡು ವಾರಗಳಲ್ಲಿ ನಿಧಾನವಾಗಿ ಏರಿಸಿ. ಆಡು ಕಾಳಿನ ಚೀಲಕ್ಕೆ ಬಾಯಿ ಹಾಕಿ ಮುಕ್ಕಿದ್ದರೆ, ಲಕ್ಷಣಕ್ಕೆ ಕಾಯದೆ ಪಶುವೈದ್ಯರನ್ನು ಕರೆಯಿರಿ.