ದಿನಾ ಬರೆಯಬೇಕಿಲ್ಲ, ಗಿರಾಕಿ ಕೇಳಿದ್ದನ್ನು ಬರೆಯಿರಿ

ಬ್ಲಾಗ್‌ನಿಂದ ಗಿರಾಕಿಗಳು ಬರಬೇಕಾದರೆ ದಿನಕ್ಕೊಂದು ಲೇಖನ, ಅದೂ ಸಾವಿರ ಪದ ಇರಲೇಬೇಕು ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಇಷ್ಟೇ ಪದ ಇರಬೇಕು ಎಂಬ ಲೆಕ್ಕ ತನಗಿಲ್ಲ ಅಂತ ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಒಬ್ಬರೇ ಅಂಗಡಿ ನೋಡಿಕೊಳ್ಳುವವರು ದಿನಾ ಬರೆಯಲು ಹೊರಟರೆ ತಿಂಗಳೊಳಗೆ ಕೈಬಿಡುತ್ತಾರೆ, ಅಲ್ವಾ?

ನಾನು ವಾಷಿಂಗ್ ಮೆಷಿನ್ ರಿಪೇರಿ ಮಾಡುತ್ತೇನೆ. ‘ಬಟ್ಟೆ ಹಿಂಡುವಾಗ ಮೆಷಿನ್ ಗಡಗಡ ಅಲುಗಾಡುತ್ತೆ, ಯಾಕೆ?’ ಅಂತ ಫೋನಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದರು. ಅದಕ್ಕೇ ನನ್ನ ಬ್ಲಾಗ್‌ನಲ್ಲಿ ಉತ್ತರ ಬರೆದೆ. ನಾಲ್ಕೂ ಕಾಲು ನೆಲಕ್ಕೆ ಸಮವಾಗಿ ಕೂತಿವೆಯಾ ನೋಡಿ, ಹೊಸ ಮೆಷಿನ್ ಆದರೆ ಸಾಗಿಸುವಾಗ ಹಿಂಬದಿಗೆ ಹಾಕಿದ್ದ ಬೋಲ್ಟ್ ತೆಗೆದಿದ್ದಾರಾ ನೋಡಿ, ಅಷ್ಟೇ. ಎಷ್ಟೋ ಜನ ತಾವೇ ಸರಿಮಾಡಿಕೊಂಡರು. ಮುಂದೆ ಡ್ರಮ್ಮಿನ ಬೇರಿಂಗ್ ಹೋದಾಗ ಅವರೇ ನನ್ನನ್ನು ಕರೆದರು.

ವೆಬ್‌ಸೈಟ್ ಇರುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದ ಬಗ್ಗೆಯೂ ನೀವು ಒಂದು ಮಾತು ಬರೆಯಬೇಕಿತ್ತು. ಅದು ಪುಕ್ಕಟೆ. ಜನ ಏನು ಹುಡುಕಿ ನಮ್ಮ ಪುಟಕ್ಕೆ ಬಂದರು ಅಂತ ಅದರಲ್ಲಿ ಕಾಣುತ್ತದೆ, ಮುಂದೆ ಏನು ಬರೆಯಬೇಕು ಅನ್ನೋದು ಅಲ್ಲೇ ಸಿಗುತ್ತದೆ. ಮತ್ತೆ, ಪ್ರತಿ ಬರಹದ ಕೆಳಗೂ ಫೋನ್ ನಂಬರ್ ಹಾಕಿ. ಎಷ್ಟೋ ಕಡೆ ಅದನ್ನು ಹುಡುಕಿ ಹುಡುಕಿ ಸಾಕಾಗುತ್ತದೆ.