ದೂರು ಎರಡು, ಎಸ್ಟಿಮೇಟು 35,251!

ಬೆಳಿಗ್ಗೆಯಿಂದ ಇದು ಮೂರನೇ ಫೋನು. "ಮೇಡಂ, ನಮ್ಮ ಸರ್ವಿಸ್ ಹೇಗಿತ್ತು? ಹತ್ತಕ್ಕೆ ಎಷ್ಟು ಕೊಡ್ತೀರಾ?" ಸರ್ವಿಸೇ ಮಾಡಿಸಿಲ್ಲಮ್ಮ, ಎಸ್ಟಿಮೇಟು ನೋಡಿ ಕಾರು ವಾಪಸ್ ತಂದೆ ಅಂದೆ. "ಓಕೆ ಮೇಡಂ, ಹಾಗಿದ್ರೆ ಹತ್ತಕ್ಕೆ ಹತ್ತು ಅಂತ ಹಾಕ್ಕೊಳ್ಳಲಾ?" ಅಂತಾಳೆ! ಪಾಪ, ಆ ಹುಡುಗಿಯದು ಏನೂ ತಪ್ಪಿಲ್ಲ. ಹತ್ತು ಬರದಿದ್ದರೆ ಅವಳಿಗೇ ಬೈಗುಳ ಇರಬೇಕು. ಅವಳ ಮೇಲೆ ರೇಗಲು ಮನಸ್ಸು ಬರಲಿಲ್ಲ. ಆ ಸಿಟ್ಟನ್ನೆಲ್ಲ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ನನ್ನದು ಚಿಕ್ಕ ಪೆಟ್ರೋಲ್ ಕಾರು. ಎಂಟು ವರ್ಷ ಆಯಿತು, 72 ಸಾವಿರ ಕಿಲೋಮೀಟರ್ ಓಡಿದೆ. ವಾರಂಟಿ ಯಾವಾಗಲೋ ಮುಗಿದಿದೆ. ವಿಜಯನಗರದಿಂದ ಪೀಣ್ಯಕ್ಕೆ ದಿನಾ ಅದರಲ್ಲೇ ಓಡಾಟ. ಹದಿನೈದು ದಿನದಿಂದ ಎರಡು ತೊಂದರೆ ಶುರುವಾಗಿತ್ತು. ಹಂಪ್ ಹತ್ತಿ ಇಳಿಯುವಾಗ ಮುಂದಿನ ಎಡಗಡೆ ಚಕ್ರದ ಹತ್ತಿರ 'ಕಟ್ ಕಟ್' ಶಬ್ದ. ಬ್ರೇಕ್ ಒತ್ತಿದರೆ 'ಕೀಂಯ್'. ಅಷ್ಟೇ, ಎರಡೇ ದೂರು.

ನಾನು ಯಾವಾಗಲೂ ಹೋಗುವುದು ಕಾಮಾಕ್ಷಿಪಾಳ್ಯದ ಕಡೆ ಇರುವ ಒಂದು ಸಣ್ಣ ಗ್ಯಾರೇಜಿಗೆ. ಅಲ್ಲಿನ ಅಣ್ಣ ಮನೆಯಲ್ಲಿ ಮದುವೆ ಅಂತ ಊರಿಗೆ ಹೋಗಿದ್ದರು. ವಾರ ಬಿಟ್ಟು ಬರ್ತೀನಿ ಅಂದರು. ಬ್ರೇಕ್ ವಿಷಯ ಅಲ್ವಾ, ಯಾಕೆ ಸುಮ್ನೆ ತಡ ಮಾಡುವುದು ಅಂತ ಕಂಪನಿ ಸರ್ವಿಸ್ ಸೆಂಟರಿಗೇ ಹೋದೆ. ಅಲ್ಲೇ ನಾನು ಕೆಟ್ಟದ್ದು.

ಹೋದ ತಕ್ಷಣ ಎಸಿ ರೂಮು, ಸೋಫಾ, ಕಾಫಿ ಮೆಷಿನ್. ಟಿವಿಯಲ್ಲಿ ಹೊಸ ಕಾರಿನ ಜಾಹೀರಾತು. ಕುತ್ತಿಗೆಗೆ ಪಟ್ಟಿ ಹಾಕಿದ ಸರ್ವಿಸ್ ಅಡ್ವೈಸರ್ ಟ್ಯಾಬ್ ಹಿಡಿದು ಬಂದ. ನಾನು ಎರಡು ದೂರು ಹೇಳಿದೆ, ಬರೆದುಕೊಂಡ. ಕಾರು ಒಳಗೆ ಹೋಯಿತು. ಮುಕ್ಕಾಲು ಗಂಟೆ ಆದಮೇಲೆ ಬಂದು ಟ್ಯಾಬ್ ತಿರುಗಿಸಿ ತೋರಿಸಿದ.

ಒಂದೊಂದಾಗಿ ಹೇಳುತ್ತೇನೆ, ನೀವೂ ಸ್ವಲ್ಪ ಉರಿದುಕೊಳ್ಳಿ. ಮುಂದಿನ ಬ್ರೇಕ್ ಪ್ಯಾಡ್ 3,180. ಎರಡೂ ಡಿಸ್ಕ್, ಅಂದರೆ ಪ್ಯಾಡ್ ಒತ್ತಿ ಹಿಡಿಯುವ ತಟ್ಟೆ, ಬದಲಾವಣೆ 6,240. ಎರಡೂ ಕಡೆಯ ಲೋವರ್ ಆರ್ಮ್, ಅಂದರೆ ಚಕ್ರವನ್ನು ಕಾರಿನ ಅಡಿಗೆ ಹಿಡಿದಿಡುವ ತೋಳು, 7,460. ಶಾಕ್ ಅಬ್ಸಾರ್ಬರ್ ಮೌಂಟ್ ಜೋಡಿ 3,920. ಇವೆಲ್ಲ ಬಿಚ್ಚಿ ಹಾಕುವ ಕೂಲಿ 6,200. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 1,450. ಆಮೇಲೆ ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಡಿಸ್‌ಇನ್ಫೆಕ್ಷನ್, ಎಂಜಿನ್ ಡ್ರೆಸ್ಸಿಂಗ್, ಈ ನಾಲ್ಕಕ್ಕೆ 4,300. ಕನ್ಸ್ಯೂಮಬಲ್ಸ್ ಅಂತ 350. ಕೂಲಿಯ ಬಾಬ್ತು 11,950 ಆಯಿತಲ್ಲ, ಅದಕ್ಕೆ ಶೇ. 18 ಜಿಎಸ್‌ಟಿ 2,151. ಒಟ್ಟು 35,251 ರೂಪಾಯಿ.

ಎಂಜಿನ್ ಡ್ರೆಸ್ಸಿಂಗ್ ಅಂದರೆ ಏನು ಅಂತ ಕೇಳಿದೆ. "ಎಂಜಿನ್ ಚೆನ್ನಾಗಿ ಕಾಣುತ್ತೆ ಮೇಡಂ." ಅಂದರೆ ಬಾನೆಟ್ ಎತ್ತಿ, ಪ್ಲಾಸ್ಟಿಕ್ ಮತ್ತು ರಬ್ಬರಿನ ಮೇಲೆ ಹೊಳಪಿನ ಸ್ಪ್ರೇ ಹೊಡೆದು ಒರೆಸುವುದು. ನನ್ನ ಎಂಜಿನ್ನನ್ನು ಹೆಣ್ಣು ನೋಡುವ ಹಾಗೆ ನೋಡಲು ಯಾರು ಬರ್ತಾರಪ್ಪ?

ಎಂಜಿನ್ನಿಗೆ ಗಾಳಿ ಬಿಡುವ ಆ ಥ್ರಾಟಲ್ ಬಾಡಿ ಯಾಕೆ? ಪಿಕಪ್ ಕಮ್ಮಿ ಆಗಿದೆ ಅಂತ ನಾನು ಹೇಳಿದೆನಾ? "72 ಸಾವಿರ ಆಗಿದೆ ಮೇಡಂ, ಮಾಡಿಸಿದ್ರೆ ಒಳ್ಳೇದು." ಸರಿ, ಲೋವರ್ ಆರ್ಮ್ ಯಾಕೆ? "ಬುಷ್ ಹೋಗಿದೆ, ಅದರದ್ದೇ ಶಬ್ದ." ಬುಷ್ ಅಂದರೆ ಆ ತೋಳಿನ ಕೀಲಿನ ರಬ್ಬರು. ಬುಷ್ ಹೋದರೆ ಬುಷ್ ಹಾಕಿ, ಇಡೀ ತೋಳನ್ನೇ ಯಾಕೆ ಕತ್ತರಿಸುತ್ತೀರಿ? "ಕಂಪನಿಯಿಂದ ಅಸೆಂಬ್ಲಿನೇ ಬರೋದು ಮೇಡಂ, ಬುಷ್ ಬೇರೆ ಬರಲ್ಲ." ಎಡಗಡೆ ಶಬ್ದ, ಬಲಗಡೆಯದು ಯಾಕೆ? "ಜೋಡಿ ಬದಲಾಯಿಸಿದ್ರೆ ಒಳ್ಳೇದು." ಎಲ್ಲವೂ ಒಳ್ಳೇದೇ. ಕೆಟ್ಟದ್ದು ಅಂತ ಇದ್ದರೆ ನನ್ನ ಬ್ಯಾಂಕ್ ಬ್ಯಾಲೆನ್ಸ್ ಒಂದೇ.

ಡಿಸ್ಕ್ ತೋರಿಸಿ, ನೋಡಬೇಕು ಅಂದೆ. ಕಸ್ಟಮರ್ ಒಳಗೆ ಬರುವ ಹಾಗಿಲ್ಲವಂತೆ, ಸೇಫ್ಟಿ ರೂಲ್. ಫೋಟೋ ಕೇಳಿದೆ. ಕಾರು ಲಿಫ್ಟಿನಿಂದ ಇಳಿದಾಯಿತು ಅಂದ. ಕೊನೆಗೆ ಬ್ರಹ್ಮಾಸ್ತ್ರ ತೆಗೆದ: "ಮೇಡಂ, ಬ್ರೇಕ್ ವಿಷ್ಯ. ಮಕ್ಕಳನ್ನ ಕೂರಿಸ್ಕೊಂಡು ಓಡಾಡ್ತೀರ. ಆಮೇಲೆ ನಿಮ್ಮಿಷ್ಟ."

ನನಗೆ ಮೈ ಉರಿಯುವುದು ಈ ಮಾತಿಗೆ. ದುಡ್ಡು ಜಾಸ್ತಿ ತಗೊಳ್ಳಲಿ, ದೊಡ್ಡ ಜಾಗ, ಬಾಡಿಗೆ, ಎಸಿ, ನೂರು ಜನರ ಸಂಬಳ, ಎಲ್ಲ ಅರ್ಥ ಆಗುತ್ತೆ. ಆದರೆ ಮಕ್ಕಳ ಹೆಸರು ಹೇಳಿ ಹೆದರಿಸಿ ವಸೂಲಿ ಮಾಡುವುದು ಇದೆಯಲ್ಲ, ಅದು ವ್ಯಾಪಾರ ಅಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ನಾನು ಯೋಚನೆ ಮಾಡುತ್ತಿದ್ದದ್ದು ನೋಡಿ, "ಸರ್ ಬರ್ತಾರಾ ಮೇಡಂ? ಸರ್ ಹತ್ರ ಮಾತಾಡ್ಲಾ?" ಅಂದ. ಹನ್ನೆರಡು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಈ ಕಾರಿನ ಸಾಲ ಕಟ್ಟಿ ತೀರಿಸಿದವಳು ನಾನು. ನಮ್ಮ ಮನೆಯ ಸರ್‌ಗೆ ಸ್ಟೆಪ್ನಿ ಎಲ್ಲಿದೆ ಅಂತಲೂ ಗೊತ್ತಿಲ್ಲ!

ಏನೂ ಮಾಡಬೇಡಿ, ಕಾರು ಕೊಡಿ ಅಂದೆ. ಕೊಟ್ಟರು. ಪರೀಕ್ಷೆ ಮಾಡಿದ್ದಕ್ಕೆ 500, ಜಿಎಸ್‌ಟಿ 90, ಒಟ್ಟು 590 ರೂಪಾಯಿ ಕಟ್ಟಿಸಿಕೊಂಡು.

ಗ್ಯಾರೇಜಿನ ಅಣ್ಣ ಬರುವ ತನಕ ನಾಲ್ಕು ದಿನ ಮೆಟ್ರೋದಲ್ಲಿ ಓಡಾಡಿದೆ. ಅವರು ಬಂದ ದಿನವೇ ಕಾರು ತಗೊಂಡು ಹೋದೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡು ಹೋದರು. ಎರಡು ಹಂಪ್ ಹತ್ತಿಸಿ ಇಳಿಸಿದರು. ಬಂದು ಜಾಕ್ ಹಾಕಿ, ಚಕ್ರ ಬಿಚ್ಚಿ, ಕಡಲೆಕಾಯಿ ಬಿಡಿಸಿದಷ್ಟು ಸಲೀಸಾಗಿ ಕೈ ಹಾಕಿ ಏನೋ ಅಲ್ಲಾಡಿಸಿದರು. 'ಕಟ್ ಕಟ್'. ಅದೇ ಶಬ್ದ!

"ಅಕ್ಕ, ಇದು ಲಿಂಕ್ ರಾಡು. ನಮ್ಮ ರೋಡಿಗೆ ಮೊದಲು ಹೋಗೋದೇ ಇದು." ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕಡ್ಡಿ. ಎರಡು ತುದಿಗೂ ಗುಂಡಿನ ಹಾಗೆ ತಿರುಗುವ ಕೀಲು. ತಿರುವಿನಲ್ಲಿ ಕಾರು ಒಂದು ಕಡೆ ವಾಲದ ಹಾಗೆ ತಡೆಯುವ ಬಾರ್ ಇರುತ್ತಲ್ಲ, ಅದನ್ನು ಶಾಕ್ ಅಬ್ಸಾರ್ಬರಿಗೆ ಜೋಡಿಸುವುದು ಇದು. ಕೀಲು ಸವೆದರೆ ಸಣ್ಣ ಸಣ್ಣ ಗುಂಡಿಗೂ ಕಟಕಟ ಅನ್ನುತ್ತೆ. ಮತ್ತೆ ಲೋವರ್ ಆರ್ಮ್? ಸನ್ನೆಕೋಲು ಹಾಕಿ ಮೀಟಿ ತೋರಿಸಿದರು. ಬುಷ್ ಬಿರುಕೂ ಬಿಟ್ಟಿರಲಿಲ್ಲ.

ಈಗ ಮತ್ತೆ ಆ ಎಸ್ಟಿಮೇಟು ಓದಿ ನೋಡಿ. 35,251 ರೂಪಾಯಿಯ ಪಟ್ಟಿಯಲ್ಲಿ ಲಿಂಕ್ ರಾಡಿನ ಹೆಸರೇ ಇಲ್ಲ! ಅಷ್ಟು ದುಡ್ಡು ಸುರಿದು ಬಂದಿದ್ದರೂ ಮನೆ ಮುಂದಿನ ಹಂಪಿನಲ್ಲಿ 'ಕಟ್ ಕಟ್' ಅನ್ನುತ್ತಲೇ ಇರುತ್ತಿತ್ತು. ಆಗ ಇನ್ನೊಂದು ಪಟ್ಟಿ ಬರುತ್ತಿತ್ತು, ಸ್ಟೀರಿಂಗ್ ರಾಕ್ ಹೋಗಿದೆ ಅಂತ.

ಡಿಸ್ಕ್ ಕಥೆ ಇನ್ನೂ ಚೆನ್ನಾಗಿದೆ. ಅದು ಇಷ್ಟಕ್ಕಿಂತ ತೆಳುವಾದರೆ ಬಳಸಬಾರದು ಅಂತ ಅದರ ಮೇಲೆಯೇ ಕೊರೆದಿರುತ್ತಾರೆ. ನನ್ನ ಕಾರಿನದಕ್ಕೆ 18 ಮಿಲಿಮೀಟರ್ ಅಂತ ಇದೆ. ಅಣ್ಣ ವರ್ನಿಯರ್ ಹಿಡಿದು ಅಳೆದರು, 19.3 ಬಂತು. ಗೆರೆ ಬಿದ್ದಿತ್ತು, ಅಷ್ಟೇ. ಪಕ್ಕದ ಬೀದಿಯ ಲೇತಿಗೆ ಕೊಟ್ಟು, ಮೇಲ್ಮೈ ಹೆರೆದು ನುಣುಪು ಮಾಡುವ ಸ್ಕಿಮ್ಮಿಂಗ್ ಮಾಡಿಸಿದರು, ಒಂದಕ್ಕೆ 300 ರೂಪಾಯಿ. ಆಮೇಲೂ 18.9 ಇತ್ತು. ಪ್ಯಾಡ್ ಮಾತ್ರ ನಿಜವಾಗಿಯೂ ಮುಗಿದಿತ್ತು. ಅದರ ಪಕ್ಕದಲ್ಲಿರುವ ತಗಡಿನ ನಾಲಿಗೆ ಡಿಸ್ಕಿಗೆ ತಾಗಿ ಕೀಂಯ್ ಅನ್ನುತ್ತಿತ್ತು. ಬದಲಾಯಿಸು ಅಂತ ಹೇಳಲಿಕ್ಕೇ ಅದನ್ನು ಇಟ್ಟಿರುವುದಂತೆ.

ಪ್ಯಾಡ್ ಮತ್ತು ಲಿಂಕ್ ರಾಡ್ ತರಲು ಜೆ.ಸಿ. ರಸ್ತೆಗೆ ನಾನೇ ಹೋದೆ. ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ, ಕಾರಿನ ನಟ್ಟಿನಿಂದ ಬಂಪರ್ ತನಕ ಎಲ್ಲ ಅಲ್ಲಿ ಸಿಗುತ್ತೆ, ಪಾರ್ಕಿಂಗ್ ಒಂದು ಬಿಟ್ಟು. ಅಂಗಡಿಯವರು ಎರಡು ಡಬ್ಬಿ ಮುಂದೆ ಇಟ್ಟರು. ಒಂದರ ಮೇಲೆ ಕಾರು ಕಂಪನಿಯ ಹೆಸರು. ಇನ್ನೊಂದರ ಮೇಲೆ, ಆ ಕಂಪನಿಗೆ ಪ್ಯಾಡ್ ಮಾಡಿಕೊಡುವ ಫ್ಯಾಕ್ಟರಿಯ ಹೆಸರು. ಕಾರು ಕಂಪನಿಗಳು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಬ್ರೇಕು, ಕ್ಲಚ್ಚು, ಪ್ಲಗ್ಗು, ಇಂಜೆಕ್ಟರು ಹೊರಗಿನವರಿಂದ ಬರುತ್ತೆ. ನಮ್ಮ ಆಡುಗೋಡಿಯ ಮೈಕೋ, ಅಂದರೆ ಈಗಿನ ಬಾಷ್, 1951ರಿಂದ ಇಂಥ ಕೆಲಸವನ್ನೇ ಮಾಡಿಕೊಂಡು ಬಂದಿದೆ. ನಮ್ಮಪ್ಪನ ಕಾಲದವರಿಗೆ ಮೈಕೋ ಪ್ಲಗ್ ಅಂದರೆ ಇವತ್ತಿಗೂ ಗೌರವ. ನನ್ನ ಮುಂದಿದ್ದ ಎರಡನೇ ಡಬ್ಬಿಯ ಬೆಲೆ 1,650. ಮೊದಲನೆಯದು 3,180. ಡಬ್ಬಿಯ ಬಣ್ಣಕ್ಕೆ 1,530 ರೂಪಾಯಿ! ಬಿಡಿಭಾಗಗಳ ಮೇಲೆ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಬಣ್ಣದ ಡಬ್ಬಿಗೆ ಅದು ಕೇಳಿಸಿದ ಹಾಗಿಲ್ಲ.

ಕೊನೆಗೆ ನನ್ನ ಲೆಕ್ಕ: ಲಿಂಕ್ ರಾಡ್ ಎರಡು 1,440, ಪ್ಯಾಡ್ 1,650, ಲೇತ್ 600, ಕೂಲಿ 1,000. ಒಟ್ಟು 4,690. ಹೌದು, ಲಿಂಕ್ ರಾಡ್ ಜೋಡಿ ಹಾಕಿಸಿದೆ, ಬಲಗಡೆಯದೂ ಸಡಿಲ ಇದ್ದದ್ದನ್ನು ನಾನೇ ಕೈ ಹಾಕಿ ನೋಡಿದೆ. ತೋರಿಸಿದರೆ ದುಡ್ಡು ಬಿಚ್ಚಲು ನನಗೇನೂ ಬೇಜಾರಿಲ್ಲ.

ಹಾಗಂತ ಗ್ಯಾರೇಜಿನವರೆಲ್ಲ ಹರಿಶ್ಚಂದ್ರರಲ್ಲ. ನಾಲ್ಕು ವರ್ಷದ ಹಿಂದೆ ಬೇರೆ ಒಬ್ಬರು ಡೂಪ್ಲಿಕೇಟ್ ಪ್ಯಾಡ್ ಹಾಕಿ, ಎರಡೇ ತಿಂಗಳಲ್ಲಿ ಅದು ಪುಡಿಪುಡಿ ಆಗಿತ್ತು. ಈ ಅಣ್ಣನೂ ಬಿಲ್ ಅಂತ ಕೊಡುವುದು ಚೀಟಿಯ ಮೇಲೆ ಬರೆದ ನಾಲ್ಕು ಸಾಲು, ನಾಳೆ ಜಗಳ ಆದರೆ ಅದನ್ನು ಹಿಡಿದು ಎಲ್ಲಿಗೂ ಹೋಗಲು ಆಗಲ್ಲ. ಏರ್‌ಬ್ಯಾಗ್ ಲೈಟು ಬಂದರೆ "ಅಕ್ಕ, ಅದನ್ನ ನಾನು ಮುಟ್ಟಲ್ಲ, ಕಂಪನಿಗೇ ಹೋಗಿ" ಅಂತ ಅವರೇ ಹೇಳುತ್ತಾರೆ. ಆ ಸ್ಕ್ಯಾನರು, ಆ ಸಾಫ್ಟ್‌ವೇರು ಅವರ ಹತ್ತಿರ ಇಲ್ಲ.

ಯಾಕೆ ಇಲ್ಲ ಅನ್ನುವುದಕ್ಕೂ ಒಂದು ಕಥೆ ಇದೆ. ಬಿಡಿಭಾಗಗಳನ್ನೂ ರಿಪೇರಿ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಕಟ್ಟಿಹಾಕಿದ್ದಕ್ಕೆ, 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಅನ್ನುವ ಷರತ್ತೂ ಸರಿಯಲ್ಲ ಅಂದಿತ್ತು. ಆಮೇಲೆ ಮೇಲ್ಮನವಿ, ಕೋರ್ಟು ಅಂತ ಎಳೆದಾಟ. ಇತ್ತ ನನ್ನ ತಮ್ಮ ಹೊಸ ಕಾರು ತಗೊಂಡಾಗ ಅವನಿಗೆ ಹೇಳಿದ್ದು ಏನು ಗೊತ್ತಾ? "ಸರ್, ಹೊರಗೆ ಒಂದು ಬಲ್ಬ್ ಹಾಕಿಸಿದ್ರೂ ವಾರಂಟಿ ಹೋಯ್ತು." ಅವನು ನಂಬಿದ್ದಾನೆ. ಎಷ್ಟು ಹೇಳಿದರೂ ವೈಪರ್ ಬ್ಲೇಡಿಗೂ ಅಲ್ಲಿಗೇ ಹೋಗಿ ಮೂರು ಪಟ್ಟು ಕೊಟ್ಟು ಬರುತ್ತಾನೆ.

ಇನ್ನೊಂದು. ಹಳೆಯ ಲಿಂಕ್ ರಾಡುಗಳನ್ನು ಅಣ್ಣ ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ಬಿಚ್ಚಿದ ಸಾಮಾನು ಕೇಳದೆಯೇ ಕೊಡುವುದು ಅವರ ಪದ್ಧತಿ. ಎರಡೂ ಈಗ ಟಿವಿ ಪಕ್ಕದಲ್ಲಿ ಬಿದ್ದಿವೆ. ನಮ್ಮ ಸರ್, "ಏನೇ ಇದು, ಗುಜರಿ?" ಅಂದರು. ಮುಟ್ಟಬೇಡಿ ಅಂದಿದ್ದೇನೆ. ನಾಳೆ ಆ ಹುಡುಗಿಯ ಫೋನು ನಾಲ್ಕನೇ ಸಲ ಬಂದರೆ, ನಿಮ್ಮ ಅಡ್ವೈಸರ್ ಕೈಗೆ ಕೊಡಮ್ಮ ಅಂತ ಹೇಳಿ, ಒಂದನ್ನು ಫೋನಿನ ಹತ್ತಿರ ಹಿಡಿದು ಚೆನ್ನಾಗಿ ಅಲ್ಲಾಡಿಸುತ್ತೇನೆ. ಕಟ್ ಕಟ್.