ರೈಲು ಬಂದರೆ ಕೂಗುವ ಟ್ಯಾಂಕು

ಎಲೆಕ್ಟ್ರಾನಿಕ್ಸ್ ಹವ್ಯಾಸ ಅಂದ ಕೂಡಲೇ ಜನ ಎರಡಕ್ಕೆ ಹೆದರುತ್ತಾರೆ. ಒಂದು ಶಾಕ್, ಇನ್ನೊಂದು ಪ್ರೋಗ್ರಾಮಿಂಗ್. ಎರಡಕ್ಕೂ ಹೆದರಬೇಕಾಗಿಲ್ಲ. ಮೊಬೈಲ್ ಚಾರ್ಜರಿನಿಂದ ಬರುವ 5 ವೋಲ್ಟಿಗೆ ಬೆರಳು ಜುಮ್ಮೆನ್ನಿಸುವ ತಾಕತ್ತೂ ಇಲ್ಲ. ಪ್ರೋಗ್ರಾಮನ್ನು ಯಾವನೋ ಪುಣ್ಯಾತ್ಮ ಮೊದಲೇ ಬರೆದಿಟ್ಟಿರುತ್ತಾನೆ. ಮನುಷ್ಯನ ಮಾನ ಹೋಗುವುದು ವೈರಿನ ತುದಿಯಲ್ಲಿ.

ವೈರನ್ನು ಬೋರ್ಡಿಗೆ ಸಿಕ್ಕಿಸಲು ಬಿಳಿ ಪ್ಲಾಸ್ಟಿಕ್ಕಿನ ಪುಟ್ಟ ಕನೆಕ್ಟರ್ ಇರುತ್ತದಲ್ಲ, ಹಳೇ ಟೇಪ್ ರೆಕಾರ್ಡರ್ ಬಿಚ್ಚಿ ನೋಡಿದವರಿಗೆ ಗೊತ್ತು. ಅದರೊಳಗೆ ಒಂದೊಂದು ವೈರಿಗೂ ಒಂದೊಂದು ತಗಡಿನ ಪಿನ್. ಜೀರಿಗೆ ಕಾಳಿಗಿಂತ ಕೊಂಚ ಉದ್ದ, ಅಷ್ಟೇ. ಪಿನ್ನಿನ ಹಿಂಭಾಗದಲ್ಲಿ ಎರಡು ಜೊತೆ ರೆಕ್ಕೆಗಳು. ಸಣ್ಣ ಜೊತೆ ತಾಮ್ರದ ಎಳೆಗಳನ್ನು ಹಿಡಿಯಬೇಕು. ದೊಡ್ಡ ಜೊತೆ ವೈರಿನ ಮೇಲಿನ ಸಿಪ್ಪೆಯನ್ನು ಹಿಡಿಯಬೇಕು. ಮೊದಲನೆಯದು ಕರೆಂಟ್ ಹರಿಯಲಿಕ್ಕೆ, ಎರಡನೆಯದು ಯಾರಾದರೂ ಎಳೆದರೆ ಕಿತ್ತು ಬರದಿರಲಿಕ್ಕೆ. ರೆಕ್ಕೆ ಮಡಚಿ ಒತ್ತಿಬಿಟ್ಟರೆ ಕ್ರಿಂಪ್ ಆಯಿತು. ಕೇಳಲಿಕ್ಕೆ ಎಷ್ಟು ಸಲೀಸು ಅಲ್ವಾ?

ನಮ್ಮದು ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ ರೈಲು ಹಳಿಗೆ ಅಂಟಿಕೊಂಡ ಕಟ್ಟಡ. ನೀರು ಬರುವುದು ಬೆಳಗಿನ ಹೊತ್ತು. ಬಚ್ಚಲುಮನೆಯ ಮೇಲೆ ಲಾಫ್ಟ್ ಟ್ಯಾಂಕು. ಅದು ತುಂಬಿದ್ದು ನಮಗೆ ಗೊತ್ತಾಗುತ್ತಿದ್ದುದು ಕೆಳಗಿನ ಮನೆಯ ಶೆಟ್ಟರ ಬಾಯಿಂದ. "ಎಂತ ಮಾರಾಯ್ರೆ, ನಿಮ್ಮ ಜಲಪಾತ ಶುರುವಾಯ್ತಲ್ಲ!" ಅಂತ ಅವರು ಕಿಟಕಿಯ ಗ್ರಿಲ್ಲಿನಿಂದ ಕುತ್ತಿಗೆ ಹೊರಳಿಸಿ ಕೂಗಿದರೆ ಸಾಕು, ನಾನು ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡುತ್ತಿದ್ದೆ. ಟ್ಯಾಂಕು ತುಂಬಿದರೆ ತಾನಾಗಿ ನೀರು ನಿಲ್ಲಿಸುವ ಒಂದು ಬಾಲ್ ವಾಲ್ವ್ ಹಾಕಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಪ್ಲಂಬರ್ ಕೂಡ ಅದನ್ನೇ ಕೇಳಿದ. ಹವ್ಯಾಸ ಇರುವವರ ಮನೆಯಲ್ಲಿ ಅಂಥ ಮಾತು ಆಡಬಾರದು.

ನಾನು ಯೋಚಿಸಿದ ಯಂತ್ರ ಹೀಗಿತ್ತು. ಟ್ಯಾಂಕಿನಲ್ಲಿ ತೇಲುವ ಒಂದು ಫ್ಲೋಟ್ ಸ್ವಿಚ್, ನಡುಮನೆಯಲ್ಲಿ ಆರ್ಡುಯಿನೋ ಎಂಬ, ಪ್ರೋಗ್ರಾಮ್ ತುಂಬಿಸುವ ಪುಟ್ಟ ಬೋರ್ಡು, ಒಂದು ಬಜರ್. ನೀರು ಕಡಿಮೆ ಇರುವಾಗ ಸ್ವಿಚ್ ಕೂಡಿಕೊಂಡಿರುತ್ತದೆ. ತುಂಬಿದಾಗ ಬಿಟ್ಟುಕೊಳ್ಳುತ್ತದೆ, ಬಜರ್ ಕೂಗುತ್ತದೆ. ಇದರಲ್ಲೊಂದು ಜಾಣತನ ಇದೆ. ಮುಂದೆಂದಾದರೂ ಇಲಿ ವೈರ್ ಕಡಿದರೂ ಬಜರ್ ಕೂಗುತ್ತದೆ, ಸುಮ್ಮನೆ ಮೋಸ ಮಾಡುವುದಿಲ್ಲ. ಈ ಜಾಣತನದ ಬಗ್ಗೆ ಮನೆಯಲ್ಲಿ ಎಲ್ಲರಿಗೂ ವಿವರಿಸಿ ಹೇಳಿದ್ದೆ. ಹೇಳಬಾರದಿತ್ತೇನೋ.

ಸಾಮಾನಿಗೆ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೇ ಹೋಗಬೇಕು. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ, ಹಾಗಾಗಿ ಶನಿವಾರ. ದಾದರಿನಲ್ಲಿ ಇಳಿದು, ಸೇತುವೆ ಮೇಲಿನ ಜನಪ್ರವಾಹದಲ್ಲಿ ತಾನಾಗಿ ಸಾಗಿ, ವೆಸ್ಟರ್ನ್ ಲೈನಿನ ಲೋಕಲ್ ಹಿಡಿದು, ಗ್ರಾಂಟ್ ರೋಡಿನಲ್ಲಿ ಇಳಿಯಬೇಕು. ಲಾರ್ಡ್ ಲ್ಯಾಮಿಂಗ್ಟನ್ 1903ರಿಂದ 1907ರವರೆಗೆ ಮುಂಬೈಯ ಗವರ್ನರ್ ಆಗಿದ್ದ. ರಸ್ತೆಗೆ ಈಗ ಡಾ. ದಾದಾಸಾಹೇಬ ಭಡಕಮ್ಕರ್ ಮಾರ್ಗ ಎಂಬ ಹೆಸರಿದೆ. ಆದರೂ ರೆಸಿಸ್ಟರ್ ಬೇಕಾದವರು ಇವತ್ತಿಗೂ ಲಾರ್ಡ್ ಸಾಹೇಬನನ್ನೇ ನೆನೆಯುತ್ತಾರೆ.

ಅಂಗಡಿ ಅಂದರೆ ಒಬ್ಬ ನಿಂತರೆ ಇನ್ನೊಬ್ಬ ಹೊರಗೆ ಕಾಯಬೇಕಾದ ಜಾಗ. ಗೋಡೆ ತುಂಬ ಡಬ್ಬಿಗಳು. ಕನೆಕ್ಟರ್ ಅಂದೆ. "ರಿಲಿಮೇಟ್? ಕಿತ್ನಾ ಪಿನ್?" ಅಂತ ಕೇಳಿದರು. ನಾನು ಓದಿಕೊಂಡು ಹೋದವನು. ರಿಲಿಮೇಟ್ ಎಂಬ ಜಾತಿಯ ಕನೆಕ್ಟರ್ ಬೇಡ, ಜೆಎಸ್‌ಟಿ ಎಕ್ಸ್‌ಎಚ್ ಬೇಕು ಎಂದೆ. "ಸಬ್ ಸೇಮ್ ಹೈ" ಎಂದು ಎರಡು ಪೊಟ್ಟಣ ಕಟ್ಟಿ ಕೊಟ್ಟರು. ಸೇಮ್ ಅಲ್ಲ. ರಿಲಿಮೇಟಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ 2.54 ಮಿಲಿಮೀಟರ್, ಎಕ್ಸ್‌ಎಚ್‌ನಲ್ಲಿ 2.5. ಎರಡು ಪಿನ್ನಿನ ಕನೆಕ್ಟರಿನಲ್ಲಿ ಆ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಹತ್ತು ಪಿನ್ನಿಗೆ ಹೋದರೆ 0.36 ಮಿಲಿಮೀಟರ್ ಆಗಿ, ಕೊನೆಯ ಪಿನ್ ಬೇರೆ ಊರಿಗೆ ಹೋದಂತೆ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದರ ಪಿನ್ ಇನ್ನೊಂದರ ಹೌಸಿಂಗಿನಲ್ಲಿ, ಅಂದರೆ ಪ್ಲಾಸ್ಟಿಕ್ ಗೂಡಿನಲ್ಲಿ, ಕೂರುವುದಿಲ್ಲ. ಪಿನ್ನಿಗೆ ಒಂದು ಸಣ್ಣ ನಾಲಿಗೆ ಇದೆ, ಅದು ಪ್ಲಾಸ್ಟಿಕ್ಕಿನೊಳಗೆ ಟಿಕ್ ಎಂದು ಕಚ್ಚಿಕೊಳ್ಳಬೇಕು. ನನಗೆ ಸಿಕ್ಕಿದ್ದು ಒಂದು ಜಾತಿಯ ಪಿನ್, ಇನ್ನೊಂದು ಜಾತಿಯ ಹೌಸಿಂಗ್. ಅಂತರ್ಜಾತಿ ವಿವಾಹಕ್ಕೆ ನಾನೇನೂ ವಿರೋಧಿ ಅಲ್ಲ, ಆದರೆ ಇವು ಒಪ್ಪಲಿಲ್ಲ. ಮುಂದಿನ ಶನಿವಾರ ಮತ್ತೆ ದಾದರ್ ಸೇತುವೆ.

ಕ್ರಿಂಪಿಂಗ್ ಟೂಲ್ ತೆಗೆದುಕೊಂಡಿರಲಿಲ್ಲ. ಪೈಸೆ ಲೆಕ್ಕದ ಪಿನ್ನಿಗೆ ಸಾವಿರ ರೂಪಾಯಿ ಮೇಲಿನ ಹತ್ಯಾರ ಯಾಕೆ? ಮನೆಯಲ್ಲಿ ನೋಸ್ ಪ್ಲೈಯರ್ ಇದೆ. ಚಿಮುಟ ಇದೆ. ಹದಿನಾರಾಣೆ ತಾಳ್ಮೆಯೂ ಇದೆ ಎಂದು ಆಗ ತಿಳಿದಿದ್ದೆ.

ನಮ್ಮಲ್ಲಿ ಊಟದ ಮೇಜೇ ವರ್ಕ್‌ಶಾಪು, ಅದಕ್ಕೆ ಒರಗಿಕೊಂಡೇ ಅಡುಗೆಮನೆ. ಮೊದಲು ವೈರಿನ ಸಿಪ್ಪೆ ಎರಡು ಮಿಲಿಮೀಟರಿನಷ್ಟು ಸುಲಿಯಬೇಕು. ಜಾಸ್ತಿ ಸುಲಿದರೆ ತಾಮ್ರ ಮುಂದಕ್ಕೆ ಚಾಚಿ, ಎದುರಿನ ಪಿನ್ ಒಳಗೆ ಬರಲು ಬಿಡುವುದಿಲ್ಲ. ಕಡಿಮೆ ಸುಲಿದರೆ ಸಿಪ್ಪೆಯೇ ತಾಮ್ರದ ರೆಕ್ಕೆಯೊಳಗೆ ಸೇರಿಕೊಳ್ಳುತ್ತದೆ. ಈ ಎರಡನೆಯದು ಭಾರೀ ಕಪಟಿ. ಎಳೆದರೆ ಗಟ್ಟಿ, ನೋಡಿದರೆ ಚಂದ, ಕರೆಂಟ್ ಮಾತ್ರ ಹರಿಯುವುದಿಲ್ಲ. ಸುಲಿದ ವೈರನ್ನು ಪಿನ್ನಿನಲ್ಲಿ ಮಲಗಿಸಬೇಕು. ಪಿನ್ನನ್ನು ಚಿಮುಟದಲ್ಲಿ ಹಿಡಿಯಬೇಕು. ಪ್ಲೈಯರಿನಿಂದ ರೆಕ್ಕೆ ಮಡಚಬೇಕು. ಲೆಕ್ಕ ಹಾಕಿದರೆ ಮೂರು ಕೈ ಬೇಕು. ದೇವರಿಗೆ ನಾಲ್ಕು ಕೈ ಯಾಕೆ ಕೊಟ್ಟಿದ್ದಾರೆ ಎಂದು ಆ ಹೊತ್ತಿಗೆ ಅರ್ಥವಾಗುತ್ತದೆ.

ಎರಡೂ ರೆಕ್ಕೆ ಒಟ್ಟಿಗೆ ಒಳಕ್ಕೆ ಸುರುಳಿಯಾಗಿ ತಾಮ್ರದೊಳಗೆ ಇಳಿಯಬೇಕು ಎಂಬುದು ಶಾಸ್ತ್ರ. ಪ್ಲೈಯರ್ ಶಾಸ್ತ್ರ ಓದಿಲ್ಲ. ಒಂದು ರೆಕ್ಕೆಯನ್ನು ಚಪ್ಪಟೆ ಮಾಡಿ ಅದರ ಮೇಲೆ ಇನ್ನೊಂದನ್ನು ಹೊದೆಸಿತು. ಮುಂದಿನ ಪಿನ್ನಿನ ಪೆಟ್ಟಿಗೆಯನ್ನೇ ಜಜ್ಜಿತು. ಅದರ ಮುಂದಿನದು ಚಿಮುಟದಿಂದ ಸಿಡಿದು ಅಡುಗೆಮನೆಯ ಕಡೆ ಹಾರಿತು. ನೆಲ ಗುಡಿಸಿದೆ, ಮ್ಯಾಗ್ನೆಟ್ ಆಡಿಸಿದೆ. ಸಿಗಲಿಲ್ಲ. ಸಿಗುವುದೂ ಇಲ್ಲ, ಇಂಥ ಪಿನ್ನುಗಳು ಕಬ್ಬಿಣದವಲ್ಲ, ತವರ ಲೇಪಿಸಿದ ತಾಮ್ರದ ಮಿಶ್ರಲೋಹದವು. ಮ್ಯಾಗ್ನೆಟ್‌ಗೆ ಅವು ಕ್ಯಾರೇ ಅನ್ನುವುದಿಲ್ಲ.

ಮಾರನೇ ದಿನ ಒಗ್ಗರಣೆ ಹೊತ್ತಿಗೆ ಮನೆಯಾಕೆ ಮಸಾಲೆ ಡಬ್ಬಿ ಹಿಡಿದುಕೊಂಡೇ ಹಾಲಿಗೆ ಬಂದಳು. "ರೀ, ಜೀರಿಗೆ ಹೊಳೀತಿದೆ."

ನಾನು ಕನ್ನಡಕ ಹಾಕಿಕೊಂಡು ನೋಡಿದೆ. "ಅಬ್ಬ, ಸಿಕ್ಕಿತಲ್ಲ!" ಎಂದೆ. ಆಕೆ ನಿರೀಕ್ಷಿಸಿದ್ದ ಮಾತು ಅದಲ್ಲವಂತೆ. ಅವತ್ತಿನಿಂದ ಒಗ್ಗರಣೆಗೆ ಮೊದಲು ಜೀರಿಗೆಯನ್ನು ತಟ್ಟೆಯಲ್ಲಿ ಹರಡಿ ಆರಿಸುವುದು ನನ್ನ ಕೆಲಸವಾಯಿತು.

ಕ್ರಿಂಪ್ ನಿಲ್ಲದಿದ್ದರೆ ಬೆಸುಗೆ ಹಾಕು ಎಂದು ಗೆಳೆಯನೊಬ್ಬ ಹೇಳಿದ. ಹಾಕಿದೆ. ನೋಡಲು ಫಳಫಳ. ಆದರೆ ಕರಗಿದ ಬೆಸುಗೆ ಲೋಹ ವೈರಿನ ಎಳೆಗಳ ನಡುವೆ ಒಳಗೊಳಗೇ ಏರುತ್ತದೆ. ಅದು ಏರಿದಷ್ಟು ಉದ್ದ ವೈರ್ ಕಡ್ಡಿಯಾಗುತ್ತದೆ, ಕಡ್ಡಿ ಮುಗಿದು ಮೆತ್ತಗಿನ ವೈರ್ ಶುರುವಾಗುವ ಕಡೆ ಬಾಗಿ ಬಾಗಿ ಮುರಿಯುತ್ತದೆ. ಆ ಲೋಹ ಸ್ವಲ್ಪ ಮುಂದಕ್ಕೆ ಹರಿದರೆ ಪಿನ್ನಿನ ಬಾಯೇ ಮುಚ್ಚಿಹೋಗುತ್ತದೆ. ನನಗೆ ಎರಡೂ ಆಯಿತು. ಗೆಳೆಯನಿಗೆ ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದ.

ಅಂತೂ ಒಂದಷ್ಟು ಪಿನ್ನುಗಳು ಹೌಸಿಂಗಿನಲ್ಲಿ ಕೂತವು. ಯಂತ್ರ ಗೋಡೆ ಹತ್ತಿತು. ಮೊದಲ ದಿನ ಬೆಳಿಗ್ಗೆ, ನೀರು ಬರುವ ಮೊದಲೇ ಬಜರ್ ಕೂಗಿತು. ಹತ್ತಿ ನೋಡಿದರೆ ಟ್ಯಾಂಕು ಖಾಲಿ. ಇಳಿಯುವಷ್ಟರಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು. ಪ್ರೋಗ್ರಾಮ್ ನೋಡಿದೆ, ಫ್ಲೋಟ್ ಸ್ವಿಚ್ ಬದಲಿಸಿದೆ. ಕೊನೆಗೆ ಗುಟ್ಟು ಹಿಡಿದವರು ಶೆಟ್ಟರು. "ನಿಮ್ಮ ಪೀಪಿ ಫಾಸ್ಟ್ ಲೋಕಲ್ ಹೋಗುವಾಗ ಮಾತ್ರ ಊದ್ತದೆ ನೋಡಿ. ಗೂಡ್ಸ್ ಬಂದ್ರೆ ಜಾಸ್ತಿ ಹೊತ್ತು." ಮುಂಬೈಯ ಹೋಟೆಲಿನ ಗಲ್ಲಾದಲ್ಲಿ ಕೂತು ಆಯಸ್ಸು ಕಳೆದವರು, ಅವರ ಕಿವಿ ತಪ್ಪುವುದಿಲ್ಲ.

ವಿಷಯ ಇಷ್ಟೇ. ರೈಲು ಹೋದಾಗ ಕಟ್ಟಡ ನಡುಗುತ್ತದೆ. ಸಡಿಲ ಕ್ರಿಂಪಿನಲ್ಲಿ ತಾಮ್ರ ಒಂದು ಗಳಿಗೆ ತಗಡನ್ನು ಬಿಡುತ್ತದೆ. ನನ್ನ ಜಾಣ ಯಂತ್ರ ಅದನ್ನು ಟ್ಯಾಂಕು ತುಂಬಿತು ಎಂದು ಓದುತ್ತದೆ. ಅದಕ್ಕೆ ಮುಂಬೈ ಮಳೆಗಾಲ ಬೇರೆ. ಸರಿಯಾಗಿ ಒತ್ತಿದ ಕ್ರಿಂಪಿನಲ್ಲಿ ತಾಮ್ರ ಮತ್ತು ತಗಡಿನ ನಡುವೆ ಗಾಳಿಗೂ ಜಾಗ ಇರುವುದಿಲ್ಲ. ಸಡಿಲ ಇದ್ದರೆ ತೇವದ ಗಾಳಿ ನುಗ್ಗಿ ತಾಮ್ರ ಕಪ್ಪಾಗುತ್ತದೆ, ಸಂಪರ್ಕ ಇನ್ನಷ್ಟು ಹದಗೆಡುತ್ತದೆ.

ಭಾನುವಾರ ಎಲ್ಲ ಪಿನ್ನುಗಳನ್ನೂ ಪ್ಲೈಯರಿನಿಂದ ಇನ್ನೊಂದು ಸುತ್ತು ಜಜ್ಜಿದೆ. ಮಧ್ಯಾಹ್ನವಿಡೀ ಪರೀಕ್ಷೆ ಮಾಡಿದೆ. ಒಂದು ಸಲವೂ ಕೂಗಲಿಲ್ಲ. ಮನೆಯವರನ್ನೆಲ್ಲ ಕರೆದು ತೋರಿಸಿ, ಪಾಯಸ ಮಾಡಿಸಿಕೊಂಡು ತಿಂದೆ. ಸಂಜೆ ಹಾಲಿನವನು ಬಂದು, ಅವತ್ತು ಹಳಿ ರಿಪೇರಿಯ ಮೆಗಾ ಬ್ಲಾಕ್ ಇತ್ತು, ಫಾಸ್ಟ್ ಗಾಡಿಗಳನ್ನೆಲ್ಲ ಸ್ಲೋ ಹಳಿಗೆ ತಿರುಗಿಸಿದ್ದರು ಎಂದ. ಅವನ ಮಾತು ಮುಗಿಯುವ ಮೊದಲೇ ಬಜರ್ ಕೂಗಿತು.

ಟೂಲ್ ಬಂತು. ಎಸ್‌ಎನ್-28ಬಿ ಎಂದು ಅದರ ಹೆಸರು, ಹಿಡಿಯುವಲ್ಲಿ ರ‍್ಯಾಚೆಟ್. ಪೂರ್ತಿ ಒತ್ತುವ ತನಕ ಬಾಯಿ ಬಿಡುವುದಿಲ್ಲ, ಅರ್ಧಂಬರ್ಧ ಕೆಲಸಕ್ಕೆ ಅವಕಾಶವೇ ಇಲ್ಲ. ಪಿನ್ ಓರೆಯಾಗಿ ಕೂತಿದ್ದರೂ ಬಿಡುವುದಿಲ್ಲ ಎಂಬುದು ಇದರ ಇನ್ನೊಂದು ಮುಖ. ಬಿಡಿಸಲು ಹಿಡಿಯೊಳಗೆ ಒಂದು ಚೋಟು ಸನ್ನೆಕೋಲು ಇದೆ. ಅದು ನನ್ನ ಕಣ್ಣಿಗೆ ಬಿದ್ದದ್ದು ಒಂದು ಪಿನ್ ಪೂರಾ ಪಾಪಡ್ ಆದ ಮೇಲೆ. ಜಪಾನಿನ ಪಿಎ-09 ಎಂಬ ಇಕ್ಕಳವೂ ಹೆಸರುವಾಸಿ. ಅದಕ್ಕೆ ರ‍್ಯಾಚೆಟ್ ಇಲ್ಲ. 1.0, 1.4, 1.6, 1.9 ಮಿಲಿಮೀಟರಿನ ನಾಲ್ಕು ಹಲ್ಲುಗಳಿವೆ, ತಾಮ್ರದ ರೆಕ್ಕೆಯನ್ನೂ ಸಿಪ್ಪೆಯ ರೆಕ್ಕೆಯನ್ನೂ ಬೇರೆ ಬೇರೆಯಾಗಿ ಒತ್ತಬಹುದು. ಬೆಲೆ ಕೇಳಿ ಮನೆಯಾಕೆ ಬಾಲ್ ವಾಲ್ವಿನ ಬೆಲೆ ಎಷ್ಟು ಎಂದು ಕೇಳಿದಳು. ನಾನು ಎಸ್‌ಎನ್-28ಬಿಯೇ ಸಾಕು ಎಂದೆ.

ಟೂಲ್ ಕೈಗೆ ಬಂದ ಮೇಲೆ ಪಿನ್ನುಗಳೂ ಸಭ್ಯವಾದವು. ಪ್ರತಿಯೊಂದನ್ನೂ ಮೆಲ್ಲಗೆ ಎಳೆದು ನೋಡುತ್ತೇನೆ, ಭೂತಗನ್ನಡಿ ಹಿಡಿದು ಸಿಪ್ಪೆ ಎಲ್ಲಿದೆ, ತಾಮ್ರ ಎಲ್ಲಿದೆ ಎಂದು ಪರೀಕ್ಷಿಸುತ್ತೇನೆ. ಈಗ ಗೂಡ್ಸ್ ಗಾಡಿ ಹೋದರೂ ಬಜರ್ ತುಟಿ ಪಿಟಕ್ ಅನ್ನುವುದಿಲ್ಲ. ಟ್ಯಾಂಕು ತುಂಬಿದ ಕ್ಷಣ ಕೂಗುತ್ತದೆ, ನಾನು ನಲ್ಲಿ ನಿಲ್ಲಿಸುತ್ತೇನೆ, ಒಂದು ಹನಿ ಹೊರಗೆ ಹೋಗುವುದಿಲ್ಲ.

ಮೊನ್ನೆ ಶೆಟ್ಟರ ಹೆಂಡತಿ ಮೇಲೆ ಬಂದರು. ಮುಖ ಸಪ್ಪೆ. ಅವರ ಗ್ರಿಲ್ಲಿನಲ್ಲಿ ತುಳಸಿ, ಬಸಳೆ, ಒಂದು ಮಲ್ಲಿಗೆ ಬಳ್ಳಿ ಇವೆಯಂತೆ. ಅವಕ್ಕೆ ಇಷ್ಟು ವರ್ಷ ಬೇರೆ ನೀರು ಹಾಕಿದವರೇ ಅಲ್ಲವಂತೆ, ನಮ್ಮ ಟ್ಯಾಂಕಿನದ್ದೇ ಸಾಕಾಗುತ್ತಿತ್ತಂತೆ. "ಬಸಳೆ ಎಲ್ಲ ಬಾಡಿ ಹೋಯ್ತು. ಇವರ ಹತ್ರ ಹೇಳಿದ್ರೆ, ಮೇಲಿನವರೇ ಗಿಡಕ್ಕೆ ನೀರು ಬಿಡುವ ಮೆಷಿನ್ ಒಂದು ಮಾಡಿ ಕೊಡ್ತಾರೆ ಅಂತಾರೆ. ನಿಮಗೆ ಎಂತ, ಎರಡು ವೈರ್ ಸಿಕ್ಕಿಸುವ ಕೆಲಸ ಅಲ್ವಾ?"

ಮಣ್ಣಿನ ತೇವ ನೋಡುವ ಸೆನ್ಸರಿಗೆ ಮೂರು ವೈರ್. ಪಂಪನ್ನು ಆನ್-ಆಫ್ ಮಾಡುವ ರಿಲೇಗೆ ಮೂರು. ಪಂಪಿಗೆ ಎರಡು. ಪ್ರತಿ ವೈರಿಗೂ ಎರಡು ತುದಿ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಮಸಾಲೆ ಡಬ್ಬಿಯ ಮುಚ್ಚಳ ಒತ್ತಿ ಹಾಕಿದ ಸದ್ದು ಕೇಳಿತು.